ಕಿರುಗೊಂಬೆ ಯುದ್ಧಕ್ರೀಡೆ

ಇತಿಹಾಸದಲ್ಲಿ ನಡೆದ ಕಾಳಗವನ್ನು ಬಣ್ಣ ಹಚ್ಚಿದ ಪುಟ್ಟ ಸೈನಿಕರನ್ನಿಟ್ಟು, ಅಳತೆಪಟ್ಟಿ ಮತ್ತು ದಾಳಗಳ ನೆರವಿನಿಂದ, ಬರೆದಿಟ್ಟ ನಿಯಮಗಳಿಗೆ ಒಳಪಟ್ಟು ಮೇಜಿನ ಮೇಲೆ ಆಡುವ ಹವ್ಯಾಸ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜು ರೂಢಿಯ ಅಳತೆ. ಅದರ ಮೇಲೆ ಹಸಿರು ಹಾಸು, ಗುಡ್ಡ, ಹೊಳೆ, ಸೇತುವೆ, ಮರಗಳ ಗುಂಪು, ಒಂದೆರಡು ಮನೆಗಳ ಊರು. ಎರಡು ಕಡೆ ಕಾಲಾಳು, ಕುದುರೆ, ಫಿರಂಗಿ. ಆಟಗಾರರು ತಮ್ಮ ಪಡೆಗಳನ್ನು ಅಂಗುಲದ ಲೆಕ್ಕದಲ್ಲಿ ಸರಿಸುತ್ತಾರೆ. ಗುಂಡೇಟನ್ನೂ ಕೈಕೈ ಮಿಲಾಯಿಸಿದ ಹೋರಾಟವನ್ನೂ ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ರಾಕ್ಷಸರು, ಮಾಂತ್ರಿಕರು, ಅಂತರಿಕ್ಷ ಯೋಧರು ಸೆಣಸುವ ಆಟಗಳು ಇದರಿಂದಲೇ ಒಡೆದ ಕವಲುಗಳಾದರೂ ಇಲ್ಲಿ ಹೇಳಹೊರಟಿರುವುದು ಇತಿಹಾಸಕ್ಕೆ ಕಟ್ಟುಬಿದ್ದ ಆಟದ ಬಗ್ಗೆ. ಇದು ಹುಟ್ಟಿದ್ದು ಪ್ರಷ್ಯದ ಸೇನಾ ಕಚೇರಿಗಳಲ್ಲಿ, ಹವ್ಯಾಸವಾಗಿ ಬೆಳೆದದ್ದು ಬ್ರಿಟನ್ನಿನಲ್ಲಿ ಮತ್ತು ಅಮೆರಿಕದಲ್ಲಿ.

ಈ ಹವ್ಯಾಸದ ಚರಿತ್ರೆಯನ್ನು ಗೊಂಬೆ ಎರಕ ಹೊಯ್ದವರ ಚರಿತ್ರೆಯಾಗಿ, ಇಲ್ಲವೇ ನಿಯಮ ಪುಸ್ತಕಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಆದರೆ ಇದನ್ನು ಕಾಪಾಡಿಕೊಂಡು ಬಂದದ್ದು ಊರೂರಿನ ಕ್ಲಬ್. ಎರಡು ಸೇನೆ, ಒಂದು ದೊಡ್ಡ ಮೇಜು, ಒಪ್ಪಿದ ನಿಯಮ, ವಾರಕ್ಕೊಂದು ಬಿಡುವಿನ ಸಂಜೆ, ಎದುರಿಗೆ ಕೂರಲು ಒಬ್ಬ ಸಜ್ಜನ: ಇವಿಷ್ಟೂ ಒಬ್ಬನಲ್ಲೇ ಸೇರುವುದು ಕಷ್ಟ. ಕ್ಲಬ್ಬಿನಲ್ಲಿ ಸಲೀಸಾಗಿ ಸೇರುತ್ತವೆ.

ಮೂಲ

ಚತುರಂಗ ಭಾರತದಿಂದ ಪರ್ಷಿಯಕ್ಕೆ, ಅಲ್ಲಿಂದ ಯೂರೋಪಿಗೆ ಹೋಗಿ ಚೆಸ್ ಆದ ಕಥೆ ತಿಳಿದದ್ದೇ. ರಥ, ಆನೆ, ಕುದುರೆ, ಕಾಲಾಳು ಎಂಬ ನಾಲ್ಕು ಅಂಗಗಳ ಆ ಆಟವನ್ನು ಮತ್ತೆ ನಿಜವಾದ ರಣರಂಗದ ಹತ್ತಿರಕ್ಕೆ ಎಳೆದು ತರುವ ಯತ್ನ 18ನೆಯ ಶತಮಾನದ ಜರ್ಮನ್ ನಾಡುಗಳಲ್ಲಿ ನಡೆಯಿತು. ಬ್ರೌನ್‌ಷ್ವೈಗ್‌ನ ಯೋಹಾನ್ ಕ್ರಿಸ್ಟಿಯಾನ್ ಲುಡ್ವಿಗ್ ಹೆಲ್ವಿಗ್ 1780ರಲ್ಲಿ ಪ್ರಕಟಿಸಿದ ಆಟದಲ್ಲಿ 64 ಮನೆಗಳ ಬದಲು ಸಾವಿರದ ಆರುನೂರಕ್ಕೂ ಹೆಚ್ಚು ಮನೆಗಳಿದ್ದವು. ನೆಲದ ಸ್ವರೂಪಕ್ಕೆ ತಕ್ಕಂತೆ ಅವಕ್ಕೆ ಬೇರೆ ಬೇರೆ ಬಣ್ಣ. ಆದರೂ ಚೌಕಗಳ ಹಿಡಿತ ಬಿಟ್ಟಿರಲಿಲ್ಲ.

ಅದನ್ನು ಬಿಡಿಸಿದವರು ರೈಸ್‌ವಿಟ್ಸ್ ತಂದೆಮಕ್ಕಳು. ತಂದೆ ಗೇಯೊರ್ಗ್ ಲಿಯೊಪೋಲ್ಡ್ 1812ರಲ್ಲಿ ಪ್ರಷ್ಯದ ದೊರೆ ಮೂರನೆಯ ಫ್ರೀಡ್ರಿಕ್ ವಿಲ್‌ಹೆಲ್ಮನಿಗೆ ಕಪಾಟಿನಂಥ ಒಂದು ಮೇಜನ್ನು ಮಾಡಿಕೊಟ್ಟ. ಅದರ ಮೇಲಿನ ಬಿಲ್ಲೆಗಳನ್ನು ಜೋಡಿಸಿದರೆ ಬೇಕಾದ ಭೂಮಿ ಸಿದ್ಧವಾಗುತ್ತಿತ್ತು. ಮಗ 1824ರಲ್ಲಿ ಆಟವನ್ನು 1:8000 ಪ್ರಮಾಣದ ನಿಜವಾದ ಭೂಪಟದ ಮೇಲೆ ಇಳಿಸಿದ. ಕೆಂಪು ಮತ್ತು ನೀಲಿ ಲೋಹದ ತುಂಡುಗಳೇ ಪಡೆಗಳು. ಒಂದೊಂದು ಸರದಿ ಎರಡು ನಿಮಿಷದ ಯುದ್ಧಕ್ಕೆ ಸಮ. ಗುಂಡಿನ ಪರಿಣಾಮಕ್ಕೆ ದಾಳ. ಎರಡೂ ಪಕ್ಷಗಳ ಆಜ್ಞೆಗಳನ್ನು ಬರಹದಲ್ಲಿ ಪಡೆದು, ಯಾರಿಗೆ ಏನು ಕಾಣಬೇಕೋ ಅಷ್ಟನ್ನೇ ತೋರಿಸುವ ತೀರ್ಪುಗಾರ. ಈ ಕೊನೆಯ ಏರ್ಪಾಡು ಅಸಾಧಾರಣವಾದದ್ದು. ಸೇನಾಪತಿಗೆ ಎದುರಾಳಿಯ ಬಲ ತಿಳಿಯದು, ತನ್ನ ಆಜ್ಞೆ ತಲುಪಿತೋ ಇಲ್ಲವೋ ಎಂಬುದೂ ತಿಳಿಯದು ಎಂಬ ಕಟುಸತ್ಯವನ್ನು ಆಟದೊಳಗೆ ತಂದ ಕೀರ್ತಿ ಈ ಯುವ ಅಧಿಕಾರಿಯದು. ಪ್ರಷ್ಯದ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಆಟವನ್ನು ನೋಡಿ, ಇದು ತರಬೇತಿಗೆ ತಕ್ಕದ್ದೆಂದು ಒಪ್ಪಿದ. ಅದು ರೆಜಿಮೆಂಟುಗಳಿಗೆ ಹಂಚಿಕೆಯಾಯಿತು. ಕ್ರೀಗ್ಸ್‌ಪೀಲ್ ಎಂಬ ಅದರ ಹೆಸರು ಇಂದಿಗೂ ಬಳಕೆಯಲ್ಲಿದೆ. ಮಗ ರೈಸ್‌ವಿಟ್ಸ್ ಮಾತ್ರ 1827ರಲ್ಲಿ ಎಳೆಯ ವಯಸ್ಸಿನಲ್ಲೇ ಪ್ರಾಣ ಕಳೆದುಕೊಂಡ.

1866ರಲ್ಲಿ ಆಸ್ಟ್ರಿಯವನ್ನೂ 1870-71ರಲ್ಲಿ ಫ್ರಾನ್ಸನ್ನೂ ಪ್ರಷ್ಯ ಸೋಲಿಸಿದಾಗ ಅದರ ಗುಟ್ಟೇನೆಂದು ಎಲ್ಲ ದೇಶಗಳೂ ಹುಡುಕತೊಡಗಿದವು. ಆಗ ಕ್ರೀಗ್ಸ್‌ಪೀಲ್ ಎಲ್ಲೆಡೆ ಹಬ್ಬಿತು. 1873ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅದನ್ನು ಬರಿಯ ಸಂತೋಷಕ್ಕಾಗಿ ಆಡುವ ಕ್ಲಬ್ ಹುಟ್ಟಿತು. ಹವ್ಯಾಸಿಗಳ ಮೊದಲ ಕ್ಲಬ್ ಎಂದು ಅದನ್ನೇ ಗುರುತಿಸಲಾಗುತ್ತದೆ.

ಇನ್ನೊಂದು ಧಾರೆ ಮಕ್ಕಳ ಆಟಿಕೆಯದು. ನ್ಯೂರೆಂಬರ್ಗಿನ ಹೈನ್ರಿಕ್‌ಸನ್ ಕುಟುಂಬದಂಥ ಕುಶಲಕರ್ಮಿಗಳು ತವರದ ಚಪ್ಪಟೆ ಸೈನಿಕರನ್ನು ಎರಕ ಹೊಯ್ಯುತ್ತಿದ್ದರು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ ಒಳಗೆ ಪೊಳ್ಳಾದ ಸೀಸದ ಸೈನಿಕರನ್ನು ಮಾಡತೊಡಗಿತು. ಲೋಹ ಕಡಿಮೆ, ಸಾಗಣೆ ಹಗುರ, ಬೆಲೆ ಅಗ್ಗ. ಹೀಗೆ ಬ್ರಿಟಿಷ್ ಮಧ್ಯಮವರ್ಗದ ಮನೆಗಳಲ್ಲಿ ಸೈನ್ಯಗಳೇ ಬೀಡುಬಿಟ್ಟವು. ಅದಕ್ಕೂ ಮೊದಲೇ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್, ಕ್ಷಯದ ಚಿಕಿತ್ಸೆಗೆಂದು ಸ್ವಿಟ್ಸರ್ಲೆಂಡಿನ ದಾವೋಸ್‌ನಲ್ಲಿದ್ದಾಗ, ಮಲಮಗ ಲಾಯ್ಡ್ ಆಸ್ಬರ್ನ್‌ನೊಂದಿಗೆ ಅಟ್ಟದ ನೆಲದ ಮೇಲೆ ಗೊಂಬೆಗಳ ದೀರ್ಘ ಸಮರಗಳನ್ನು ನಡೆಸಿದ್ದ.

ಎರಡೂ ಧಾರೆಗಳನ್ನು ಕೂಡಿಸಿದವನು ಎಚ್. ಜಿ. ವೆಲ್ಸ್. ಅವನ ‘ಲಿಟಲ್ ವಾರ್ಸ್’ 1913ರಲ್ಲಿ ಹೊರಬಂದಿತು. ಸಾಮಾನ್ಯ ಓದುಗ ಕೊಂಡು, ಓದಿ, ಅಂದೇ ಆಡಬಹುದಾದ ನಿಯಮಗಳು ಅದರಲ್ಲಿದ್ದವು. ವೆಲ್ಸ್‌ನ ಆಟದಲ್ಲಿ ಗುಂಡಿನ ಫಲವನ್ನು ದಾಳ ಹೇಳುತ್ತಿರಲಿಲ್ಲ. ಸ್ಪ್ರಿಂಗ್ ಫಿರಂಗಿಯಿಂದ ಹಾರಿದ ಮರದ ತುಂಡು ತಗುಲಿ ಉರುಳಿದ ಸೈನಿಕ ಸತ್ತಂತೆ. ನೆಲದ ಮೇಲೆ ಮೊಣಕಾಲೂರಿ, ಗುರಿಯಿಟ್ಟು ಆಡುವ ಆಟ ಅದು. ಪುಸ್ತಕದ ಕೊನೆಯಲ್ಲಿ ಆತ ಗೊಂಬೆಗಳ ಯುದ್ಧವನ್ನು ನಿಜ ಯುದ್ಧದ ಎದುರಿಗಿಟ್ಟು, ರಕ್ತದಾಹಿ ರಾಜಕಾರಣಿಗಳಿಗೂ ದಳಪತಿಗಳಿಗೂ ಇಂಥ ಆಟದ ಕೋಣೆಯೇ ಸಾಕೆಂಬ ವಾದ ಹೂಡುತ್ತಾನೆ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಈ ಹವ್ಯಾಸದ ನೈತಿಕತೆಯ ಚರ್ಚೆ ಇಂದಿಗೂ ಆ ಪುಟಗಳಿಂದಲೇ ಆರಂಭವಾಗುತ್ತದೆ.

ಹವ್ಯಾಸವಾಗಿ ಬೆಳೆದ ಬಗೆ

ಎರಡನೆಯ ಮಹಾಯುದ್ಧ ಮುಗಿದು ಸಿಪಾಯಿಗಳು ಮನೆಗೆ ಮರಳಿದ ಮೇಲೆ ಆಟ ಮತ್ತೆ ಚಿಗುರಿತು. ಕ್ಯಾಲಿಫೋರ್ನಿಯದ ಜ್ಯಾಕ್ ಸ್ಕ್ರೂಬಿ ಆಟಕ್ಕೆಂದೇ ಲೋಹದ ಸೈನಿಕರನ್ನು ಎರಕ ಹೊಯ್ದು, 1957ರಲ್ಲಿ ‘ವಾರ್ ಗೇಮ್ ಡೈಜೆಸ್ಟ್’ ಪತ್ರಿಕೆಯನ್ನು ಹೊರತಂದ. ಅಲ್ಲಲ್ಲಿ ಒಂಟಿಯಾಗಿ ಆಡಿಕೊಂಡಿದ್ದವರಿಗೆ ತಮ್ಮಂಥವರು ಇನ್ನೂ ಇದ್ದಾರೆಂದು ತಿಳಿದದ್ದು ಆ ಪತ್ರಿಕೆಯಿಂದ.

ಬ್ರಿಟನ್ನಿನಲ್ಲಿ ಈ ಕೆಲಸ ಮಾಡಿದವನು ಡೊನಾಲ್ಡ್ ಫೆದರ್‌ಸ್ಟೋನ್. ಯುದ್ಧಕಾಲದಲ್ಲಿ ಟ್ಯಾಂಕ್ ದಳದಲ್ಲಿದ್ದು, ಬಳಿಕ ಸೌತಾಂಪ್ಟನ್ ಫುಟ್‌ಬಾಲ್ ತಂಡದ ಫಿಸಿಯೊಥೆರಪಿಸ್ಟ್ ಆಗಿದ್ದ ಈತ ಹಗಲು ಆಟಗಾರರ ಮಂಡಿ ನೀವಿ, ರಾತ್ರಿ ಸೇನೆಗಳನ್ನು ನಡೆಸುತ್ತಿದ್ದ. 1962ರಲ್ಲಿ ಬಂದ ಅವನ ‘ವಾರ್ ಗೇಮ್ಸ್’ ಪುಸ್ತಕ ಊರಿನ ಗ್ರಂಥಾಲಯಗಳ ಕಪಾಟಿಗೆ ತಲುಪಿತು. ಅದನ್ನು ಎರವಲು ತಂದ ಹುಡುಗರೇ ಮುಂದಿನ ತಲೆಮಾರಿನ ಆಟಗಾರರಾದರು. ಅವನ ಗೆಳೆಯ ಟೋನಿ ಬಾತ್ ಪ್ರಾಚೀನ ಕಾಲದ ಯುದ್ಧಗಳಿಗೆ ನಿಯಮ ಬರೆದ. 1965ರಲ್ಲಿ ಸೊಸೈಟಿ ಆಫ್ ಏನ್ಷಿಯಂಟ್ಸ್ ಕಟ್ಟುವುದರಲ್ಲಿ ಮುಂದಾದ. ಆ ಸಂಘದ ‘ಸ್ಲಿಂಗ್‌ಷಾಟ್’ ಪತ್ರಿಕೆಯಲ್ಲಿ ರೋಮನ್ ಈಟಿಯ ಉದ್ದದ ಬಗ್ಗೆಯೂ ಪರ್ಷಿಯದ ಬಿಲ್ಲುಗಾರರ ಸಾಲಿನ ಆಳದ ಬಗ್ಗೆಯೂ ಹವ್ಯಾಸಿಗಳು ನಡೆಸಿದ ವಾಗ್ವಾದಗಳಲ್ಲಿ ವಿದ್ವಾಂಸರೂ ಗಮನಿಸಬೇಕಾದ ಸರಕು ಇದೆ. ಮಾಜಿ ಕಮಾಂಡೊ ಬ್ರಿಗೇಡಿಯರ್ ಪೀಟರ್ ಯಂಗ್ ಮತ್ತು ಜೆ. ಪಿ. ಲಾಫರ್ಡ್ 1967ರಲ್ಲಿ ‘ಚಾರ್ಜ್!’ ಬರೆದರು, ಚಾರ್ಲ್ಸ್ ಗ್ರಾಂಟ್ 1971ರಲ್ಲಿ ‘ದ ವಾರ್ ಗೇಮ್’ ಬರೆದ. ಎರಡೂ 18ನೆಯ ಶತಮಾನದ ಯುದ್ಧರೀತಿಯನ್ನು ಮೇಜಿಗೆ ತಂದ, ಇಂದಿಗೂ ಪ್ರೀತಿಯಿಂದ ಓದಿಸಿಕೊಳ್ಳುವ ಪುಸ್ತಕಗಳು.

ಇದೇ ಹೊತ್ತಿಗೆ ಏರ್‌ಫಿಕ್ಸ್ ಕಂಪನಿ 1959ರಿಂದ ಹೊರತಂದ ಮೆದು ಪ್ಲಾಸ್ಟಿಕ್ ಸೈನಿಕರು ಹುಡುಗರ ಕೈಖರ್ಚಿಗೆ ಎಟುಕಿದರು. ಇವರಿಲ್ಲದಿದ್ದರೆ ಆಟ ಕೆಲವೇ ಹಣವಂತರ ಕೋಣೆಗಳಲ್ಲಿ ಉಳಿಯುತ್ತಿತ್ತು.

1969ರಲ್ಲಿ ಫಿಲ್ ಬಾರ್ಕರ್ ಮತ್ತು ಸಂಗಡಿಗರ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ ಪ್ರಕಟಿಸಿದ ಪ್ರಾಚೀನ ಯುದ್ಧಗಳ ನಿಯಮಗಳು ಸ್ಪರ್ಧೆಗಳಿಗೆ ದಾರಿ ಮಾಡಿದವು. ಯಾವ ರಾಜ್ಯದ ಸೇನೆಯಲ್ಲಿ ಎಷ್ಟು ಕುದುರೆ, ಎಷ್ಟು ಬಿಲ್ಲು ಇರಬೇಕೆಂಬ ಸೇನಾಪಟ್ಟಿಗಳನ್ನು ರೂಢಿಗೆ ತಂದದ್ದೂ ಈ ಗುಂಪೇ. ಅದೇ ಬಾರ್ಕರ್ 1990ರಲ್ಲಿ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಎಂಬ ಕಿರುಹೊತ್ತಿಗೆಯಲ್ಲಿ ಎಲ್ಲವನ್ನೂ ಹಿಂಡಿ ತೆಗೆದು, ಪ್ರತಿ ಸೇನೆಗೂ ಬರೀ 12 ಬೇಸ್‌ಗಳು, ಅಂದರೆ ಗೊಂಬೆಗಳನ್ನು ಅಂಟಿಸಿದ ತಟ್ಟೆಗಳು, ಸಾಕೆಂದ. ಎರಡಡಿ ಚೌಕದ ಹಲಗೆ, ಒಂದು ಗಂಟೆಯ ಆಟ. ಪ್ರತಿ ಸರದಿಗೆ ಒಂದು ದಾಳ ಉರುಳಿಸಿ, ಬಿದ್ದಷ್ಟೇ ಪಡೆಗಳನ್ನು ಸರಿಸಬೇಕು. ಆರು ಬಿದ್ದರೆ ಸೇನೆ ಹರಿದಾಡುತ್ತದೆ. ಒಂದು ಬಿದ್ದರೆ ಕಣ್ಣೆದುರೇ ಅವಕಾಶ ಜಾರಿಹೋಗುತ್ತದೆ. ಸೇನಾಪತಿಯ ಅಸಹಾಯಕತೆಯನ್ನು ಇಷ್ಟು ಮಿತವಾಗಿ ಹೇಳಿದ ನಿಯಮ ಇನ್ನೊಂದಿಲ್ಲ.

ಅಮೆರಿಕದ ಲೇಕ್ ಜಿನೀವದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಮಧ್ಯಯುಗದ ಕಾಳಗಗಳಿಗೆಂದು 1971ರಲ್ಲಿ ಬರೆದ ‘ಚೈನ್‌ಮೇಲ್’ ನಿಯಮಗಳಿಗೆ ಡ್ರ್ಯಾಗನ್ ಮತ್ತು ಮಾಂತ್ರಿಕರ ಅನುಬಂಧವಿತ್ತು. ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬೆಳೆದದ್ದು ಆ ಬೇರಿನಿಂದಲೇ. ಇಂದು ಕೋಟ್ಯಂತರ ಜನ ಆಡುವ ಕಂಪ್ಯೂಟರ್ ಆಟಗಳಲ್ಲಿನ ಪಾತ್ರದ ‘ಬಲ’, ‘ರಕ್ಷೆ’, ‘ಪೆಟ್ಟಿನ ಅಂಕ’ಗಳ ಮೂಲ ಹುಡುಕುತ್ತ ಹೋದರೆ ಗೊಂಬೆ ಸೈನಿಕರ ಮೇಜಿಗೇ ಬಂದು ನಿಲ್ಲುತ್ತೇವೆ. 1983ರ ‘ವಾರ್‌ಹ್ಯಾಮರ್’ ಕೂಡ ಇದೇ ಪರಿಸರದ ಕೂಸು. ಅದರ ಕರ್ತೃಗಳಲ್ಲೊಬ್ಬನಾದ ರಿಕ್ ಪ್ರೀಸ್ಟ್ಲಿ ಮುಂದೆ ಇತಿಹಾಸದ ಆಟಕ್ಕೆ ಮರಳಿ, 2009ರಲ್ಲಿ ಜರ್ವಿಸ್ ಜಾನ್ಸನ್ ಜೊತೆ ‘ಬ್ಲ್ಯಾಕ್ ಪೌಡರ್’ ಬರೆದ.

ಗೊಂಬೆ ಮತ್ತು ಬಣ್ಣ

ಗೊಂಬೆಯ ಎತ್ತರವನ್ನು ಮಿಲಿಮೀಟರಿನಲ್ಲಿ ಹೇಳುವುದು ವಾಡಿಕೆ. 28 ಮಿ.ಮೀ. ಗೊಂಬೆಗೆ ಮುಖಭಾವ, ಗುಂಡಿ, ಕಸೂತಿ ಎಲ್ಲ ಇರುತ್ತದೆ, 15 ಮಿ.ಮೀ. ದೊಡ್ಡ ಕಾಳಗಗಳಿಗೆ ಅನುಕೂಲ, 6 ಮಿ.ಮೀ. ಗೊಂಬೆಗಳಲ್ಲಿ ಒಬ್ಬೊಬ್ಬನ ಮುಖ ಕಾಣದಿದ್ದರೂ ಸಾಲುಸಾಲು ಪಡೆ ನಿಜವಾದ ಸೈನ್ಯದಂತೆ ತೋರುತ್ತದೆ, ಖರ್ಚೂ ಕಡಿಮೆ. ಹಳೆಯ ಗೊಂಬೆಗಳು ಸೀಸ ಬೆರೆತ ಲೋಹದವು. ಅವನ್ನು ಮುಟ್ಟಿದ ಮೇಲೆ ಕೈ ತೊಳೆಯಬೇಕು. ಈಗ ಸೀಸವಿಲ್ಲದ ಮಿಶ್ರಲೋಹ, ಬಿಡಿಭಾಗಗಳನ್ನು ಅಂಟಿಸುವ ಗಟ್ಟಿ ಪ್ಲಾಸ್ಟಿಕ್ ಮತ್ತು ಮನೆಯಲ್ಲೇ ತಯಾರಾಗುವ ತ್ರೀಡಿ ಪ್ರಿಂಟ್ ಗೊಂಬೆಗಳು ಜೊತೆಜೊತೆಗೆ ನಡೆದಿವೆ. ಅವಳಿಗಳಾದ ಅಲನ್ ಮತ್ತು ಮೈಕಲ್ ಪೆರ್ರಿ ಕೆತ್ತಿದ ಸೈನಿಕರ ನಿಲುವಿನಲ್ಲಿ ದಣಿವು, ಭಯ, ಬೇಸರ ಎಲ್ಲವೂ ಓದಲು ಸಿಗುತ್ತವೆ. ಅದನ್ನು ಶಿಲ್ಪವೆನ್ನಲು ಹಿಂಜರಿಯಬೇಕಿಲ್ಲ.

ಬಣ್ಣ ಹಚ್ಚುವ ಕ್ರಮ ಹೀಗೆ: ಅಂಚು ಕೆರೆದು ತೊಳೆದು, ಪ್ರೈಮರ್ ಬಳಿದು, ಮೂಲಬಣ್ಣ ಕೊಟ್ಟು, ಮಡಿಕೆಗಳಲ್ಲಿ ಇಳಿದು ನಿಲ್ಲುವಂತೆ ತೆಳುವಾದ ಕಪ್ಪುಕಂದು ದ್ರವ ಹರಿಸಿ, ಉಬ್ಬುಗಳ ಮೇಲೆ ತಿಳಿಬಣ್ಣ ತಾಗಿಸಿ, ಕೊನೆಗೆ ವಾರ್ನಿಷ್. ನಾಲ್ಕಾರು ಗೊಂಬೆಗಳನ್ನು ಒಂದು ಬೇಸ್‌ಗೆ ಅಂಟಿಸಿ ಮರಳು, ಹುಲ್ಲುನಾರು ಉದುರಿಸುತ್ತಾರೆ. ಆಟ ಮೂರು ಗಂಟೆಯದಾದರೆ ಅದರ ಹಿಂದಿನ ಬಣ್ಣದ ಕೆಲಸ ತಿಂಗಳುಗಳದು. ಕೊಂಡು ತಂದು ಬಣ್ಣ ಕಾಣದೆ ಡಬ್ಬಿಗಳಲ್ಲಿ ಪೇರಿಸಿಟ್ಟ ಗೊಂಬೆಗಳಿಗೆ ಹವ್ಯಾಸಿಗಳು ‘ಸೀಸದ ಬೆಟ್ಟ’ ಎನ್ನುತ್ತಾರೆ.

ಬಣ್ಣ ಹಚ್ಚಲು ಕೂತವನು ಸಂಶೋಧಕನಾಗಲೇಬೇಕು. ಈ ರೆಜಿಮೆಂಟಿನ ಕಾಲರ್ ಯಾವ ಬಣ್ಣ, ಆ ವರ್ಷ ಅವರು ಬೂಟು ಹಾಕುತ್ತಿದ್ದರೋ ಇಲ್ಲವೋ ಎಂಬ ಪ್ರಶ್ನೆಗಳು ಎದುರಾಗುತ್ತವೆ. ಟಿಪ್ಪುವಿನ ಕಾಲಾಳುಗಳನ್ನು ಮಾಡಹೊರಟವನಿಗೆ ಹುಲಿಪಟ್ಟೆಯ ‘ಬಬ್ರಿ’ ಅಂಗಿಯ ವಿನ್ಯಾಸ ಬೇಕಾಗುತ್ತದೆ. 1780ರ ಪೊಲ್ಲಿಲೂರು ಕಾಳಗವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಬಿಡಿಸಿದ ದೊಡ್ಡ ಚಿತ್ರ ಅವನಿಗೆ ಒಂದು ಆಕರ. ಈಸ್ಟ್ ಇಂಡಿಯಾ ಕಂಪನಿಯ ದಳಪತಿ ಬೈಲಿಯ ಚೌಕಾಕಾರದ ಪಡೆ, ಸುತ್ತ ಮುತ್ತಿದ ಮೈಸೂರು ಕುದುರೆಗಳು, ಸ್ಫೋಟಿಸಿದ ಮದ್ದಿನ ಬಂಡಿ ಎಲ್ಲವೂ ಅಲ್ಲಿವೆ. ಗೆದ್ದವರು ಬರೆಸಿದ ಚಿತ್ರವೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದನ್ನು ಓದಬೇಕು.

ನಿಯಮಗಳ ಒಳಗುಟ್ಟು

ಮೊದಲ ತೊಡಕು ಪ್ರಮಾಣದ್ದು. ಒಂದು ಗೊಂಬೆ ಇಪ್ಪತ್ತು ಜನರಿಗೆ ಸಮವೆಂದುಕೊಂಡರೆ 600 ಜನರ ಬೆಟಾಲಿಯನ್ನಿಗೆ 30 ಗೊಂಬೆ. ಮೇಜಿನ ಒಂದು ಅಂಗುಲ ನೆಲದ ಮೇಲಿನ 25 ಗಜವೆಂದರೆ ನೂರು ಗಜದ ಮಸ್ಕೆಟ್ ಗುಂಡು ನಾಲ್ಕೇ ಅಂಗುಲ ಹಾರಬೇಕು. ಆದರೆ ಗೊಂಬೆಯ ಎತ್ತರ ಈ ಪ್ರಮಾಣಕ್ಕೆ ಹೊಂದುವುದಿಲ್ಲ. ಹಾಗಾಗಿ ಇಡೀ ಊರಿಗೆ ಎರಡು ಮನೆಗಳೇ ಪ್ರತಿನಿಧಿ. ನೋಟಕ್ಕೂ ಲೆಕ್ಕಕ್ಕೂ ನಡುವಿನ ಈ ರಾಜಿಯನ್ನು ಒಪ್ಪಿಕೊಂಡ ಮೇಲೆಯೇ ಆಟ ಶುರು.

ಎರಡನೆಯದು ಮನೋಬಲ. ಪಡೆಗಳು ಕೊನೆಯವನು ಸಾಯುವವರೆಗೆ ನಿಂತು ಕಾದಿದ್ದು ಇತಿಹಾಸದಲ್ಲಿ ವಿರಳ. ನಷ್ಟ ಒಂದು ಮಟ್ಟ ಮುಟ್ಟಿದಾಗ, ಪಕ್ಕದ ಪಡೆ ಓಡಿದಾಗ, ಬೆನ್ನ ಹಿಂದೆ ಕುದುರೆ ಕಂಡಾಗ ದಳ ಕದಲುತ್ತದೆ. ಅದಕ್ಕಾಗಿ ಮನೋಬಲದ ಪರೀಕ್ಷೆ. ನುರಿತ ಪಡೆಗೆ ದಾಳದಲ್ಲಿ ರಿಯಾಯಿತಿ, ಹೊಸಬರಿಗೆ ಇಲ್ಲ. ಮೂರನೆಯದು ಆಜ್ಞೆ. ‘ಬ್ಲ್ಯಾಕ್ ಪೌಡರ್’ನಲ್ಲಿ ಆಟಗಾರ ಮೊದಲು ಏನು ಮಾಡಬೇಕೆಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ಎರಡು ದಾಳ ಉರುಳಿಸಬೇಕು. ಸರಿಯಾದ ಅಂಕ ಬೀಳದಿದ್ದರೆ ಪಡೆ ನಿಂತಲ್ಲೇ ನಿಲ್ಲುತ್ತದೆ. ಲ್ಯಾರಿ ಬ್ರಾಮ್‌ನ 1979ರ ‘ದ ಸ್ವೋರ್ಡ್ ಅಂಡ್ ದ ಫ್ಲೇಮ್’ನಲ್ಲಿ ಯಾರ ಸರದಿ ಎಂಬುದನ್ನೇ ಇಸ್ಪೀಟಿನ ಎಲೆ ಹೇಳುತ್ತದೆ.

ಇವೆಲ್ಲ ಒಂದು ನಿಜ ಕಾಳಗದಲ್ಲಿ ಹೇಗೆ ಕೂಡಿಬರುತ್ತವೆಂದು ನೋಡಲು ಅಸಾಯೆಗಿಂತ ಒಳ್ಳೆಯ ಉದಾಹರಣೆ ಕಡಿಮೆ. ಇಂದಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯಲ್ಲಿ 1803ರ ಸೆಪ್ಟೆಂಬರ್ 23ರಂದು ಬ್ರಿಟಿಷ್ ಸೇನಾಪತಿ ಆರ್ಥರ್ ವೆಲ್ಲೆಸ್ಲಿ, ಮರಾಠಾ ದೊರೆಗಳಾದ ಸಿಂಧ್ಯ ಮತ್ತು ಬೇರಾರಿನ ಭೋಂಸ್ಲೆಯ ಕೂಡುಸೇನೆಯನ್ನು ಎದುರಿಸಿದ. ಅವನ ಬಳಿ ಇದ್ದ ಕಂಪನಿ ಹಾಗೂ ಬ್ರಿಟಿಷ್ ಪಡೆ ಸುಮಾರು 4,500. ಜೊತೆಗೆ ಮೈಸೂರಿನ ಕುದುರೆ ಸವಾರರು ಮತ್ತು ಪೇಶ್ವೆಯ ಪಕ್ಷದ ಮರಾಠಾ ಸವಾರರು. ಎದುರಿಗೆ ಹ್ಯಾನೋವರಿನ ಆಂತೊನಿ ಪೋಲ್‌ಮನ್ ಕೈಕೆಳಗೆ ಯೂರೋಪಿಯನ್ ಕವಾಯತು ಕಲಿತ ಹತ್ತು ಸಾವಿರಕ್ಕೂ ಹೆಚ್ಚು ಕಾಲಾಳು, ನೂರಕ್ಕೂ ಹೆಚ್ಚು ಫಿರಂಗಿ, ಅವರ ಬೆನ್ನಿಗೆ ಹತ್ತಾರು ಸಾವಿರ ಸವಾರರು. ನಡುವೆ ಕೈತ್ನಾ ಹೊಳೆ.

ಹೊಳೆ ದಾಟಲು ಕಡವಿಲ್ಲವೆಂದು ದಾರಿ ತೋರುವವರು ಹೇಳಿದರು. ಆದರೆ ಹೊಳೆಯ ಎರಡೂ ದಡದಲ್ಲಿ ಎದುರುಬದುರಾಗಿ ಎರಡು ಹಳ್ಳಿಗಳಿರುವುದನ್ನು ವೆಲ್ಲೆಸ್ಲಿ ಕಂಡ. ಎದುರುಬದುರು ಹಳ್ಳಿ ಇದ್ದ ಮೇಲೆ ಓಡಾಟಕ್ಕೆ ಕಡವು ಇರಲೇಬೇಕೆಂದು ಊಹಿಸಿ ಅಲ್ಲಿ ದಾಟಿದ, ಮರಾಠರ ಎಡಬದಿಗೆ ಬಂದ. ಮೇಜಿನ ಮೇಲೆ ಇದನ್ನು ಆಡುವಾಗ ಕಷ್ಟ ಹುಟ್ಟುವುದು ಇಲ್ಲೇ: ಪುಸ್ತಕ ಓದಿದ ಎಲ್ಲರಿಗೂ ಕಡವು ಎಲ್ಲಿದೆಯೆಂದು ಗೊತ್ತು. ಅನುಭವಿ ತೀರ್ಪುಗಾರ ಅದಕ್ಕೆ ಭೂಪಟವನ್ನು ತಿರುಗಿಸಿ, ಊರುಗಳ ಹೆಸರು ಬದಲಿಸಿ, ಕೆಲವೊಮ್ಮೆ ಕಾಲವನ್ನೇ ಬದಲಿಸಿ ಸನ್ನಿವೇಶವನ್ನು ಮರೆಮಾಚುತ್ತಾನೆ. ಇಲ್ಲವೇ ಎರಡು ಮೂರು ಕಡೆ ಹಳ್ಳಿಗಳನ್ನಿಟ್ಟು, ನಿಜವಾದ ಕಡವು ಯಾವುದೆಂದು ಗುಟ್ಟಾಗಿ ದಾಳ ಹಾಕಿಡುತ್ತಾನೆ. ಆಗ ಆಟಗಾರನಿಗೂ ವೆಲ್ಲೆಸ್ಲಿಗಿದ್ದ ಅನುಮಾನ ಕಾಡುತ್ತದೆ.

ಮುಂದೆ ನಡೆದದ್ದು ನಿಯಮ ಬರೆಯುವವನಿಗೆ ಪಾಠ. ಶತ್ರು ಬದಿಗೆ ಬಂದದ್ದನ್ನು ಕಂಡ ಪೋಲ್‌ಮನ್‌ನ ಪಡೆ ಇಡೀ ಸಾಲನ್ನು ತಿರುಗಿಸಿ ಹೊಸ ದಿಕ್ಕಿಗೆ ಮುಖ ಮಾಡಿತು. ಗುಂಡಿನ ಎದುರು ಇಷ್ಟು ದೊಡ್ಡ ತಿರುವು ಯಾವ ದೇಶದ ಪಡೆಗೂ ಸುಲಭವಲ್ಲ. ಭಾರತೀಯ ಕಾಲಾಳುಗಳಿಗೆ ಕಣ್ಣು ಮುಚ್ಚಿ ಕೆಳದರ್ಜೆಯ ಅಂಕ ಕೊಟ್ಟ ಹಳೆಯ ವಸಾಹತು ಕಾಲದ ನಿಯಮಗಳು ಅಸಾಯೆಯಲ್ಲಿ ಸುಳ್ಳಾಗುತ್ತವೆ. ಇತ್ತ ಬ್ರಿಟಿಷರ ಬಲಬದಿಯಲ್ಲಿ ಮುಂಗಾವಲು ನಡೆಸುತ್ತಿದ್ದ ಆರಕ್ ಆಜ್ಞೆಯನ್ನು ತಪ್ಪಿ, ಫಿರಂಗಿಗಳಿಂದ ತುಂಬಿದ್ದ ಅಸಾಯೆ ಊರಿನ ಕಡೆಗೇ ನಡೆದ. ಅವನ ಹಿಂದೆ ಹೋದ 74ನೆಯ ಹೈಲ್ಯಾಂಡರ್ ದಳ ನುಚ್ಚುನೂರಾಯಿತು. ಸತ್ತಂತೆ ಬಿದ್ದಿದ್ದ ಮರಾಠಾ ಗೋಲಂದಾಜರು, ಬ್ರಿಟಿಷ್ ಸಾಲು ಮುಂದೆ ದಾಟಿದ ಮೇಲೆ ಎದ್ದು ಫಿರಂಗಿಗಳನ್ನು ಹಿಂದಿನಿಂದ ಹಾರಿಸಿದರು. ಕೊನೆಗೆ ವೆಲ್ಲೆಸ್ಲಿ ಗೆದ್ದು 98 ಫಿರಂಗಿ ವಶಪಡಿಸಿಕೊಂಡ, ಆದರೆ ಅವನ ಕಡೆ ಸತ್ತವರು, ಗಾಯಗೊಂಡವರು 1,500ಕ್ಕೂ ಹೆಚ್ಚು. ಆಜ್ಞೆಗೆ ದಾಳ ಯಾಕೆ ಎಂದು ಕೇಳುವವರಿಗೆ ಆರಕ್‌ನ ನಡೆಯೇ ಉತ್ತರ.

ಮೈಸೂರಿನ ಸವಾರರು ಆ ದಿನ ಹೊಳೆಯ ದಕ್ಷಿಣಕ್ಕೆ ನಿಂತು ಮರಾಠಾ ಕುದುರೆಗಳ ಮೇಲೆ ಕಣ್ಣಿಟ್ಟಿದ್ದರು. ಕಥನಗಳಲ್ಲಿ ಅವರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಮೇಜಿನ ಮೇಲೆ ಅವರನ್ನು ತೆಗೆದುಬಿಟ್ಟು ಆಡಿ ನೋಡಿದರೆ ವೆಲ್ಲೆಸ್ಲಿಯ ಬೆನ್ನು ಬಯಲಾಗುತ್ತದೆ. ಓದಿನಲ್ಲಿ ಜಾರಿಹೋದ ಇಂಥ ಸಂಗತಿಗಳನ್ನು ಆಟ ಕಣ್ಣಿಗೆ ಕಟ್ಟುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಫಿಲಿಪ್ ಸೇಬಿನ್ ಯುದ್ಧಕ್ರೀಡೆಯನ್ನು ಇತಿಹಾಸ ಬೋಧನೆಯ ಸಾಧನವಾಗಿ ಬಳಸಿದ್ದೂ ‘ಲಾಸ್ಟ್ ಬ್ಯಾಟಲ್ಸ್’ನಲ್ಲಿ ಪ್ರಾಚೀನ ಕಾಳಗಗಳನ್ನು ಈ ದಾರಿಯಲ್ಲಿ ಪರೀಕ್ಷಿಸಿದ್ದೂ ಇದೇ ಕಾರಣಕ್ಕೆ.

ಕ್ಲಬ್

ಬ್ರಿಟನ್ನಿನ ಸಾಮಾನ್ಯ ಕ್ಲಬ್ ಸೇರುವುದು ಚರ್ಚಿನ ಸಭಾಂಗಣ, ಸ್ಕೌಟ್ ಕೊಠಡಿ, ಸಮುದಾಯ ಭವನ ಅಥವಾ ಪಬ್ಬಿನ ಮಹಡಿಯಲ್ಲಿ, ವಾರದ ಒಂದು ನಿಗದಿತ ಸಂಜೆ. ಬಾಡಿಗೆಗೆ ಸಣ್ಣ ವಂತಿಗೆ. ಬೀಗದ ಕೈ ಒಬ್ಬನದು, ಲೆಕ್ಕ ಇನ್ನೊಬ್ಬನದು. ಗುಡ್ಡ, ಹೊಳೆ, ಮನೆಗಳ ಪೆಟ್ಟಿಗೆಗಳು ಕ್ಲಬ್ಬಿನ ಸ್ವತ್ತು. ಆಟ ಏರ್ಪಡಿಸುವವನು ಸಾಮಾನ್ಯವಾಗಿ ಎರಡೂ ಕಡೆಯ ಸೇನೆಗಳನ್ನು ತಾನೇ ತರುತ್ತಾನೆ. ಹೊಸಬ ಬರಿಗೈಲಿ ಬಂದರೂ ಅಂದೇ ಒಂದು ಬ್ರಿಗೇಡಿನ ಒಡೆಯನಾಗುತ್ತಾನೆ. ಈ ಔದಾರ್ಯ ಕ್ಲಬ್ಬಿನ ಜೀವಾಳ.

ನಿಯಮದ ಅರ್ಥದ ಬಗ್ಗೆ ವಾದ ಎದ್ದರೆ ಬಲ್ಲ ಕ್ಲಬ್ಬುಗಳಲ್ಲಿ ಒಂದು ಪದ್ಧತಿಯಿದೆ: ದಾಳ ಹಾಕಿ ಮುಂದುವರಿ, ಪುಸ್ತಕ ಆಮೇಲೆ ನೋಡೋಣ. ಎದುರಾಳಿಯ ಗೊಂಬೆಯನ್ನು ಕೇಳದೆ ಮುಟ್ಟಬಾರದು. ಎತ್ತುವಾಗ ಬೇಸ್ ಹಿಡಿದು ಎತ್ತಬೇಕು, ಈಟಿ ಹಿಡಿದಲ್ಲ. ಅಂಗುಲದ ಕಾಲುಭಾಗದ ವಿಷಯದಲ್ಲಿ ಎದುರಾಳಿಗೆ ಬಿಟ್ಟುಕೊಡುವವನೇ ಮುಂದಿನ ವಾರವೂ ಎಲ್ಲರಿಗೂ ಬೇಕಾದ ಆಟಗಾರ. ಸ್ಪರ್ಧೆಯ ಆಟಗಾರರೂ ಸನ್ನಿವೇಶದ ಆಟಗಾರರೂ ಒಂದೇ ಸೂರಿನಡಿ ಇರುತ್ತಾರೆ. ಮೊದಲಿನವರಿಗೆ ಸಮಬಲದ ಸೇನೆ ಮುಖ್ಯ, ಎರಡನೆಯವರಿಗೆ ಸೋಲಲೇಬೇಕಾದ ಪಕ್ಷವನ್ನು ಎಷ್ಟು ಹೊತ್ತು ನಿಲ್ಲಿಸಬಲ್ಲೆವು ಎಂಬುದು ಮುಖ್ಯ. ಈ ಲೇಖಕನ ಒಲವು ಎರಡನೆಯವರ ಕಡೆಗೆ. ಇತಿಹಾಸ ಸಮಬಲದ ಸೇನೆಗಳನ್ನು ತಂದು ನಿಲ್ಲಿಸಿದ್ದು ಅಪರೂಪ.

ಕೆಲವು ಕ್ಲಬ್ಬುಗಳು ವರ್ಷಗಟ್ಟಲೆ ದಂಡಯಾತ್ರೆ ನಡೆಸುತ್ತವೆ: ಭೂಪಟದ ಮೇಲೆ ಸೇನೆಗಳ ಸಂಚಾರ, ರಸದ ಲೆಕ್ಕ, ರಾಯಭಾರಿಗಳ ಪತ್ರ; ಪಡೆಗಳು ಎದುರಾದಾಗ ಮಾತ್ರ ಮೇಜು. ಟೋನಿ ಬಾತ್ ನಡೆಸಿದ ಹೈಬೋರಿಯ ಎಂಬ ಕಾಲ್ಪನಿಕ ಭೂಖಂಡದ ದಂಡಯಾತ್ರೆ ಇದಕ್ಕೆ ಮಾದರಿ. ಇನ್ನು ಪ್ರದರ್ಶನಗಳ ಕಾಲ ಬಂದರೆ ಕ್ಲಬ್ಬಿನವರೆಲ್ಲ ಸೇರಿ ಒಂದು ದೊಡ್ಡ ಮೇಜನ್ನು ಸಿದ್ಧಪಡಿಸುತ್ತಾರೆ. ಸೌತ್ ಲಂಡನ್ ವಾರ್‌ಲಾರ್ಡ್ಸ್ ಎಂಬ ಕ್ಲಬ್ 1970ರ ದಶಕದಲ್ಲಿ ಆರಂಭಿಸಿದ ‘ಸಲ್ಯೂಟ್’ ಈಗ ಲಂಡನ್ನಿನ ಎಕ್ಸೆಲ್ ಭವನ ತುಂಬುವ ಮೇಳವಾಗಿದೆ. ಹವ್ಯಾಸಿಗಳ ಒಂದು ಕ್ಲಬ್ ಇಷ್ಟು ದೊಡ್ಡ ಜಾತ್ರೆಯನ್ನು ಬಿಡುವಿನ ದುಡಿಮೆಯಿಂದ ನಡೆಸಿಕೊಂಡು ಬಂದಿರುವುದು ಮೆಚ್ಚಲೇಬೇಕಾದ ಮಾತು. ಅಮೆರಿಕದಲ್ಲಿ ಹಿಸ್ಟಾರಿಕಲ್ ಮಿನಿಯೇಚರ್ಸ್ ಗೇಮಿಂಗ್ ಸೊಸೈಟಿಯ ‘ಹಿಸ್ಟಾರಿಕಾನ್’ ಇದೇ ಬಗೆಯದು.

ಸದಸ್ಯನೊಬ್ಬ ತೀರಿಕೊಂಡಾಗ ಅವನ ಸೇನೆಗಳು ಹಲವು ಸಲ ಕ್ಲಬ್ಬಿಗೆ ಬರುತ್ತವೆ. ನಮ್ಮಲ್ಲಿ ಪಟ್ಟದ ಗೊಂಬೆಗಳು ತಾಯಿಯಿಂದ ಮಗಳಿಗೆ ಬರುವಂತೆ, ನಲವತ್ತು ವರ್ಷದ ಹಿಂದೆ ಯಾರೋ ಬಣ್ಣ ಹಚ್ಚಿದ ನೆಪೋಲಿಯನ್ ಕಾಲದ ದಳ ಇಂದು ಹದಿಹರೆಯದವನೊಬ್ಬನ ಕೈಯಲ್ಲಿ ಸೇತುವೆ ಕಾಯುತ್ತದೆ. ಸದಸ್ಯರಲ್ಲಿ ಗಂಡಸರೇ ಹೆಚ್ಚು, ವಯಸ್ಸಾದವರೇ ಹೆಚ್ಚು ಎಂಬುದೂ ನಿಜ. ವೆಲ್ಸ್ ತನ್ನ ಪುಸ್ತಕದ ಉಪಶೀರ್ಷಿಕೆಯಲ್ಲೇ ಹುಡುಗಿಯರಿಗೆ ಅರೆಮನಸ್ಸಿನ ಆಹ್ವಾನ ಕೊಟ್ಟಿದ್ದ. ಆ ಅರೆಮನಸ್ಸು ಇನ್ನೂ ಪೂರ್ತಿ ಹೋಗಿಲ್ಲ. ಹೋಗದಿದ್ದರೆ ನಷ್ಟ ಕ್ಲಬ್ಬಿಗೇ.

ಆಕ್ಷೇಪಗಳು

ಸಾವನ್ನು ಆಟ ಮಾಡುವುದು ಸರಿಯೇ? ಈ ಪ್ರಶ್ನೆ ಹಳೆಯದು, ನ್ಯಾಯವಾದದ್ದು. ಮೇಜಿನಿಂದ ತೆಗೆದಿಟ್ಟ ಗೊಂಬೆ ಮರುವಾರ ಮತ್ತೆ ಎದ್ದು ನಿಲ್ಲುತ್ತದೆ. ಅಸಾಯೆಯಲ್ಲಿ ಬಿದ್ದವರು ಏಳಲಿಲ್ಲ. ಊರು ಸುಟ್ಟವರ, ರೈತರ ಕಣಜ ದೋಚಿದವರ ಲೆಕ್ಕ ನಿಯಮ ಪುಸ್ತಕಗಳಲ್ಲಿ ಇರುವುದಿಲ್ಲ. ಇಲ್ಲಿ ಎರಡು ಮಾತು ಹೇಳಬೇಕು. ಆಧುನಿಕ ಹವ್ಯಾಸವನ್ನು ಕಟ್ಟಿದವರಲ್ಲಿ ಫೆದರ್‌ಸ್ಟೋನ್, ಯಂಗ್‌ರಂಥವರು ಯುದ್ಧವನ್ನು ಕಣ್ಣಾರೆ ಕಂಡವರು. ಅವರಿಗೆ ಆಟ ಮತ್ತು ಯುದ್ಧದ ವ್ಯತ್ಯಾಸ ಯಾರೂ ಕಲಿಸಬೇಕಿರಲಿಲ್ಲ. ಮತ್ತೊಂದು, ಕೆಲವು ಸೇನೆಗಳ ಬಗ್ಗೆ, ಅದರಲ್ಲೂ ನಾಜಿ ಎಸ್‌ಎಸ್ ದಳಗಳ ಬಗ್ಗೆ, ಹವ್ಯಾಸಿಗಳಲ್ಲೇ ಜಗಳವಿದೆ. ಸಮವಸ್ತ್ರದ ಸೊಗಸಿಗೆ ಮರುಳಾಗಿ ಅವರ ಅಪರಾಧ ಮರೆಯುವುದು ಈ ಹವ್ಯಾಸದ ನಿಜವಾದ ಅಪಾಯ. ವಸಾಹತು ಯುದ್ಧಗಳ ಆಟಗಳಲ್ಲಿ ‘ನೇಟಿವ್’ ಪಡೆಗಳನ್ನು ಮುಖವಿಲ್ಲದ ಗುಂಪಾಗಿ ತೋರಿಸಿದ ಚಾಳಿಯೂ ಅದೇ ಜಾತಿಯದು. ಇದಕ್ಕೆ ಪರಿಹಾರ ಆ ಪಡೆಗಳ ಬಗ್ಗೆ ಹೆಚ್ಚು ಓದುವುದು, ಅವರ ಪಕ್ಷದಲ್ಲಿ ಕೂತು ಆಡುವುದು.

ಕರ್ನಾಟಕದ ವಸ್ತು

ನಮ್ಮ ನೆಲದ ಕಾಳಗಗಳು ಈ ಆಟಕ್ಕೆ ಹೇಳಿಮಾಡಿಸಿದಂತಿವೆ. 1565ರ ರಕ್ಕಸಗಿ-ತಂಗಡಗಿ, ಹೈದರ್ ಮತ್ತು ಟಿಪ್ಪು ಕಂಪನಿಯೊಡನೆ ಕಾದಿದ ನಾಲ್ಕು ಯುದ್ಧಗಳು, 1799ರ ಶ್ರೀರಂಗಪಟ್ಟಣದ ಮುತ್ತಿಗೆ. ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್ಟು ಎಲ್ಲಿ ಬೀಳುತ್ತದೆಂದು ಹೇಳಲು ದಾಳಕ್ಕಿಂತ ತಕ್ಕ ಸಾಧನವಿಲ್ಲ. ಶತ್ರು ಕುದುರೆಗಳು ಬೆದರುವ ಪರಿಣಾಮಕ್ಕೂ ಅಷ್ಟೆ. ಅದಕ್ಕೂ ಹಿಂದಿನ ಕಾಲಕ್ಕೆ ವೀರಗಲ್ಲುಗಳಿವೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರು ವೀರಗಲ್ಲಿನಲ್ಲಿ ಗಂಗರ ಕಾಲದ ಆನೆ, ಕುದುರೆ, ಬಿಲ್ಲು, ಗುರಾಣಿ, ಬಾಕುಗಳೆಲ್ಲ ಕಾಳಗದ ನಡುವೆಯೇ ಕೆತ್ತಲ್ಪಟ್ಟಿವೆ. ಹೊಯ್ಸಳ ಗುಡಿಗಳ ಅಡಿಪಟ್ಟಿಕೆಗಳಲ್ಲಿ ಸವಾರರ ಸಾಲುಗಳಿವೆ. ಗೊಂಬೆ ಕೆತ್ತುವವನಿಗೆ ಇಂಥ ಆಕರ ಯೂರೋಪಿನ ಎಷ್ಟೋ ನಾಡುಗಳಲ್ಲಿ ಸಿಗದು.

ಬೆಂಗಳೂರಿನಲ್ಲಿ ಬೋರ್ಡ್ ಗೇಮ್ ಆಡುವ ಗುಂಪುಗಳು ಈಗಾಗಲೇ ಬೇರೂರಿವೆ. ಅವುಗಳ ಪಕ್ಕದಲ್ಲಿ ಒಂದು ಮೇಜು ಹಾಕಿದರೆ ಆರಂಭವಾಯಿತು. ಶುರುಮಾಡಲು ದೊಡ್ಡ ಬಂಡವಾಳ ಬೇಕಿಲ್ಲ. ಎರಡಡಿ ಚೌಕದ ಹಲಗೆ, 12 ಬೇಸ್‌ಗಳ ಎರಡು ಸೇನೆ, ಅಳತೆಪಟ್ಟಿ, ಎರಡು ದಾಳ. ಗೊಂಬೆ ಬರುವವರೆಗೆ ರಟ್ಟಿನ ತುಂಡುಗಳ ಮೇಲೆ ಪಡೆಯ ಹೆಸರು ಬರೆದುಕೊಂಡರೂ ಆಟ ನಡೆಯುತ್ತದೆ. ಶಾಲೆಯ ಇತಿಹಾಸದ ಮೇಷ್ಟರು, ಮೇಡಂಗಳು ಮೊದಲು ಪೊಲ್ಲಿಲೂರನ್ನು ಹೀಗೆ ಹಾಕಿ ನೋಡಲಿ: ಬೈಲಿಯ ಪಕ್ಷವನ್ನು ಒಂದು ಬೆಂಚಿಗೆ, ಟಿಪ್ಪುವಿನ ಪಕ್ಷವನ್ನು ಇನ್ನೊಂದು ಬೆಂಚಿಗೆ ಕೊಡಲಿ, ಮುಂದಿನ ವಾರ ಪಕ್ಷಗಳನ್ನು ಅದಲುಬದಲು ಮಾಡಲಿ.